ಲೈಟ್‌ರೂಮಾ, ಫೋಟೋಶಾಪಾ, ಡಾರ್ಕ್‌ಟೇಬಲ್ಲಾ? ನಿಮ್ಮ ಫೋಟೋಗಳಿಗೆ ಹೊಂದುವುದನ್ನು ಆರಿಸುವುದು ಹೇಗೆ

"ಎಡಿಟಿಂಗ್‌ಗೆ ಯಾವ ಸಾಫ್ಟ್‌ವೇರ್ ಒಳ್ಳೆಯದು?" ಫೋಟೋ ತೆಗೆಯಲು ಶುರು ಮಾಡಿದವರು ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಕೇಳುವ ಹೊತ್ತಿಗೆ ಅವರು ನಾಲ್ಕು ಜನರ ಮಾತು ಕೇಳಿ ಗೊಂದಲದಲ್ಲಿರುತ್ತಾರೆ. ಒಬ್ಬರು ಲೈಟ್‌ರೂಮ್ ತಗೋ ಅಂದಿರುತ್ತಾರೆ. ಇನ್ನೊಬ್ಬರು ಫೋಟೋಶಾಪ್ ಕಲಿಯದೆ ಏನೂ ಆಗಲ್ಲ ಅಂದಿರುತ್ತಾರೆ. ಮತ್ತೊಬ್ಬರು ದುಡ್ಡು ಯಾಕೆ ಸುರೀತೀಯ, ಡಾರ್ಕ್‌ಟೇಬಲ್ ಪುಕ್ಕಟೆ ಸಿಗುತ್ತಲ್ಲ ಅಂದಿರುತ್ತಾರೆ. ಪ್ರತಿಯೊಬ್ಬರ ಮಾತೂ ಅವರವರ ಕೆಲಸಕ್ಕೆ ಸರಿ. ನಿಮ್ಮ ಕೆಲಸ ಏನು ಅನ್ನುವುದು ಅವರಿಗೆ ಗೊತ್ತಿರುವುದಿಲ್ಲ, ಅಷ್ಟೇ.

ಅದಕ್ಕೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ಫೋಟೋ ತೆಗೆದು ಬಂದ ಮೇಲೆ ಕಂಪ್ಯೂಟರ್ ಮುಂದೆ ನಿಮ್ಮ ಹೊತ್ತು ಎಲ್ಲಿ ಹೋಗುತ್ತದೆ? ಸಾವಿರ ಫೋಟೋಗಳಲ್ಲಿ ಒಳ್ಳೆಯವನ್ನು ಆರಿಸುವುದರಲ್ಲಾ? ಚರ್ಮದ ಬಣ್ಣ ಸರಿಮಾಡುವುದರಲ್ಲಾ? ಮಂದ ಬೆಳಕಿನಲ್ಲಿ ತೆಗೆದ ಫೋಟೋದ ನಾಯ್ಸ್ (ಕಾಳುಕಾಳಾದ ಚುಕ್ಕೆಗಳು) ಕಳೆಯುವುದರಲ್ಲಾ? ಹಿನ್ನೆಲೆಯಲ್ಲಿ ಬೇಡದ ಕಂಬ, ತಂತಿ ಅಳಿಸುವುದರಲ್ಲಾ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದ ಹಾಗೆ. ಎಲ್ಲ ಕೆಲಸವನ್ನೂ ಎಲ್ಲ ಸಾಫ್ಟ್‌ವೇರ್‌ಗಳೂ ಒಂದಷ್ಟು ಮಾಡುತ್ತವೆ. ಆದರೆ ಒಂದೊಂದೂ ಒಂದೊಂದು ಕೆಲಸವನ್ನು ಮನಸ್ಸಲ್ಲಿಟ್ಟುಕೊಂಡು ಹುಟ್ಟಿದೆ.

ಯಾವುದನ್ನು ನೋಡಿ ಅಳೆಯಬೇಕು

ಮೊದಲನೆಯದು ಎಣಿಕೆ. ಒಂದು ಸಲಕ್ಕೆ ಹತ್ತು ಫೋಟೋ ತೆಗೆಯುವವರಿಗೂ ಎರಡು ಸಾವಿರ ತೆಗೆಯುವವರಿಗೂ ಬೇಕಾದ್ದು ಬೇರೆ ಬೇರೆ. ಹತ್ತೇ ಫೋಟೋ ಇದ್ದರೆ ಒಂದೊಂದಕ್ಕೂ ಅರ್ಧ ಗಂಟೆ ಕೊಡಬಹುದು. ಎರಡು ಸಾವಿರ ಇದ್ದರೆ ಒಂದಕ್ಕೆ ಮಾಡಿದ ತಿದ್ದುಪಡಿಯನ್ನು ಇನ್ನೂರಕ್ಕೆ ಒಂದೇ ಏಟಿಗೆ ಹಚ್ಚುವ ಹಾಗಿರಬೇಕು.

ಎರಡನೆಯದು ಕೆಲಸದ ಬಗೆ. ಬೆಳಕು, ಬಣ್ಣ, ಕಾಂಟ್ರಾಸ್ಟ್ ತಿದ್ದುವುದು ಒಂದು. ಚಿತ್ರದಲ್ಲಿರುವುದನ್ನೇ ಬದಲಾಯಿಸುವುದು, ಅಂದರೆ ಅಳಿಸುವುದು, ಜೋಡಿಸುವುದು, ಎರಡು ಚಿತ್ರ ಬೆರೆಸುವುದು ಇನ್ನೊಂದು. ಮೊದಲನೆಯದಕ್ಕೆ ರಾ ಡೆವಲಪರ್‌ಗಳಿವೆ, ಅಂದರೆ ಕ್ಯಾಮೆರಾದ ಕಚ್ಚಾ (ರಾ) ಫೈಲನ್ನು ಚಿತ್ರವಾಗಿಸುವ ಸಾಫ್ಟ್‌ವೇರ್‌ಗಳು. ಎರಡನೆಯದಕ್ಕೆ ಪಿಕ್ಸೆಲ್ ಎಡಿಟರ್‌ಗಳಿವೆ. ಲೈಟ್‌ರೂಮ್ ಮೊದಲ ಗುಂಪಿನದು, ಫೋಟೋಶಾಪ್ ಎರಡನೆಯದು. ಹಾಗಾಗಿ "ಲೈಟ್‌ರೂಮಾ ಫೋಟೋಶಾಪಾ" ಅನ್ನುವ ಪ್ರಶ್ನೆ ಸುತ್ತಿಗೆಯಾ ಗರಗಸವಾ ಅಂದ ಹಾಗೆ. ಎರಡನ್ನೂ ಅಡೋಬಿ ಅನ್ನುವ ಒಂದೇ ಕಂಪನಿ ಮಾಡುವುದರಿಂದ ಈ ಗೊಂದಲ ಜಾಸ್ತಿಯಾಗಿದೆ.

ಮೂರನೆಯದು ಹಣ. ತಿಂಗಳ ಚಂದಾ, ಒಂದೇ ಸಲದ ಖರೀದಿ, ಉಚಿತ, ಹೀಗೆ ಮೂರು ದಾರಿ ಇವೆ. ಇಲ್ಲಿ ಹಲವರು ಒಂದು ಲೆಕ್ಕ ಮರೆಯುತ್ತಾರೆ. ಕಂಪ್ಯೂಟರ್‌ನ ಬಲವೂ ಬಜೆಟ್‌ನ ಭಾಗವೇ. ಎಐ ಬಳಸಿ ನಾಯ್ಸ್ ತೆಗೆಯುವ ಸೌಲಭ್ಯಗಳಿಗೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು. ಅದಿಲ್ಲದ ಹಳೇ ಲ್ಯಾಪ್‌ಟಾಪ್‌ನಲ್ಲಿ ಕೆಲವೇ ಸೆಕೆಂಡಿನ ಕೆಲಸ ನಿಮಿಷಗಟ್ಟಲೆ ಎಳೆಯುತ್ತದೆ.

ನಾಲ್ಕನೆಯದನ್ನು ಯಾರೂ ಕೇಳುವುದಿಲ್ಲ, ಆದರೆ ನನಗೆ ಅದೇ ಮುಖ್ಯ. ಮುಂದೊಂದು ದಿನ ಈ ಸಾಫ್ಟ್‌ವೇರ್ ಬಿಟ್ಟರೆ ನನ್ನ ಕೈಯಲ್ಲಿ ಏನು ಉಳಿಯುತ್ತದೆ? ಕೆಲವು ವರ್ಷಗಳ ಹಿಂದೆ ನಾನು ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋದೆ. ಸ್ಟಾರ್ ರೇಟಿಂಗ್, ಕೀವರ್ಡ್ ಎಲ್ಲ ಜೊತೆಗೆ ಬಂದವು. ತಿದ್ದಿದ ಬಣ್ಣ, ಬೆಳಕು ಒಂದೂ ಬರಲಿಲ್ಲ. ಮೂರು ವರ್ಷದ ಫೋಟೋಗಳು ಕ್ಯಾಮೆರಾದಿಂದ ಆಗಷ್ಟೇ ಇಳಿಸಿದ ಹಾಗೆ ಮಂಕಾಗಿ ಕೂತಿದ್ದವು. ಅದು ಆ ಸಾಫ್ಟ್‌ವೇರ್‌ನ ತಪ್ಪಲ್ಲ. ಪ್ರತಿ ರಾ ಡೆವಲಪರ್‌ನ ಒಳಗಿನ ಲೆಕ್ಕ ಬೇರೆ. ಒಂದರ "ಶ್ಯಾಡೋ +40" ಇನ್ನೊಂದಕ್ಕೆ ಅರ್ಥವಾಗುವುದಿಲ್ಲ. ಅಂದಿನಿಂದ ಮುಗಿಸಿದ ಒಳ್ಳೆಯ ಫೋಟೋಗಳನ್ನು ಪೂರ್ತಿ ಅಳತೆಯ ಟಿಫ್ (ಗುಣಮಟ್ಟ ಕಳೆಯದೆ ಉಳಿಸುವ ಫೈಲ್) ಅಥವಾ ಹೆಚ್ಚು ಗುಣಮಟ್ಟದ ಜೆಪೆಗ್ ಆಗಿ ಬೇರೆ ತೆಗೆದಿಡುತ್ತಿದ್ದೇನೆ. ನೀವು ಯಾವುದನ್ನೇ ಆರಿಸಿ, ಇದನ್ನು ಮಾತ್ರ ಮೊದಲ ದಿನದಿಂದ ಮಾಡಿ.

ಅದಕ್ಕೂ ಮೊದಲು: ರಾ ಬೇಕಾ, ಜೆಪೆಗ್ ಸಾಕಾ?

ಇದು ತೀರ್ಮಾನವಾಗದೆ ಸಾಫ್ಟ್‌ವೇರ್ ಆರಿಸಲು ಬರುವುದಿಲ್ಲ.

ಕ್ಯಾಮೆರಾದ ಸೆನ್ಸರ್‌ಗೆ ಬಣ್ಣ ಕಾಣುವುದಿಲ್ಲ, ಬೆಳಕಿನ ಪ್ರಮಾಣ ಮಾತ್ರ ಕಾಣುತ್ತದೆ. ಅದರ ಮೇಲೆ ಕೆಂಪು, ಹಸಿರು, ನೀಲಿ ಫಿಲ್ಟರ್‌ಗಳ ಜಾಲ ಇರುತ್ತದೆ. ಕೊಡಾಕ್‌ನಲ್ಲಿದ್ದ ಬ್ರೈಸ್ ಬೇಯರ್ ರೂಪಿಸಿದ ಈ ಜೋಡಣೆಗೆ 1976ರಲ್ಲಿ ಪೇಟೆಂಟ್ ಸಿಕ್ಕಿತು. ಇಂದಿಗೂ ಹೆಚ್ಚಿನ ಕ್ಯಾಮೆರಾಗಳು ಅದನ್ನೇ ಬಳಸುತ್ತವೆ. ಅದರಲ್ಲಿ ಅರ್ಧದಷ್ಟು ಫಿಲ್ಟರ್‌ಗಳು ಹಸಿರು, ಯಾಕೆಂದರೆ ನಮ್ಮ ಕಣ್ಣು ಸೂಕ್ಷ್ಮ ವಿವರಗಳನ್ನು ಹಸಿರಿನ ಸುತ್ತಲಿನ ಬೆಳಕಿನಲ್ಲೇ ಚೆನ್ನಾಗಿ ಗುರುತಿಸುತ್ತದೆ. ಪ್ರತಿ ಪಿಕ್ಸೆಲ್‌ಗೂ ಒಂದೇ ಬಣ್ಣದ ಅಳತೆ ಸಿಕ್ಕಿರುತ್ತದೆ. ಉಳಿದ ಎರಡನ್ನು ಅಕ್ಕಪಕ್ಕದ ಪಿಕ್ಸೆಲ್ ನೋಡಿ ಅಂದಾಜು ಮಾಡಬೇಕು. ಈ ಕೆಲಸಕ್ಕೆ ಡಿಮೊಸೈಕ್ ಅನ್ನುತ್ತಾರೆ. ರಾ ಫೈಲ್ ಅಂದರೆ ಈ ಕೆಲಸ ಇನ್ನೂ ಆಗದ, ಸೆನ್ಸರ್‌ನ ನೇರ ಲೆಕ್ಕ. ಜೆಪೆಗ್ ಅಂದರೆ ಕ್ಯಾಮೆರಾ ತಾನೇ ಇದನ್ನೆಲ್ಲ ಮಾಡಿ, ಬಣ್ಣ ಹಾಕಿ, ಶಾರ್ಪ್ ಮಾಡಿ, ಉಳಿದದ್ದನ್ನು ಬಿಸಾಡಿ ಕೊಟ್ಟ ಚಿತ್ರ.

ಬಿಸಾಡಿದ್ದು ಎಷ್ಟು ನೋಡಿ. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 8 ಬಿಟ್, ಅಂದರೆ 256 ಮೆಟ್ಟಿಲು. 12 ಬಿಟ್ ರಾ ಫೈಲ್‌ನಲ್ಲಿ 4,096. 14 ಬಿಟ್‌ನಲ್ಲಿ 16,384. ಕತ್ತಲಾದ ಮುಖವನ್ನು ಎರಡು ಸ್ಟಾಪ್ (ಅಂದರೆ ನಾಲ್ಕು ಪಟ್ಟು ಬೆಳಕು) ಎತ್ತಿದಾಗ, ಮಾಸಿದ ಆಕಾಶಕ್ಕೆ ಕಾಂಟ್ರಾಸ್ಟ್ ಕೊಟ್ಟಾಗ ಈ ಮೆಟ್ಟಿಲುಗಳೇ ಕೆಲಸಕ್ಕೆ ಬರುವುದು. ಮೆಟ್ಟಿಲು ಸಾಲದಿದ್ದರೆ ಆಕಾಶದಲ್ಲಿ ಪಟ್ಟೆ ಪಟ್ಟೆ ಕಾಣುತ್ತದೆ. ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಬಿಳಿಯಾಗಿಯೇ ಕಾಣುವ ಹಾಗೆ ಬಣ್ಣ ಹೊಂದಿಸುವ ವಿಷಯವೂ ಹಾಗೆಯೇ. ರಾ ಫೈಲ್‌ನಲ್ಲಿ ಅದು ಬರೀ ಒಂದು ಸೂಚನೆ, ಆಮೇಲೆ ಎಷ್ಟು ಬೇಕಾದರೂ ಬದಲಾಯಿಸಿ. ಜೆಪೆಗ್‌ನಲ್ಲಿ ಅದು ಚಿತ್ರದೊಳಗೇ ಸೇರಿಹೋಗಿರುತ್ತದೆ.

ಹಾಗಂತ ಎಲ್ಲರೂ ರಾ ತೆಗೆಯಬೇಕು ಅಂತಿಲ್ಲ. ಪಂದ್ಯ ನಡೆಯುವಾಗಲೇ ಫೋಟೋ ಕಳಿಸಬೇಕಾದ ಕ್ರೀಡಾ ಫೋಟೋಗ್ರಾಫರ್‌ಗಳಿಗೆ ಜೆಪೆಗ್ ಬೇಕೇ ಬೇಕು. ರಾಯ್ಟರ್ಸ್ ಸುದ್ದಿ ಸಂಸ್ಥೆ 2015ರಲ್ಲಿ ತನ್ನ ಫ್ರೀಲಾನ್ಸ್ ಛಾಯಾಗ್ರಾಹಕರಿಗೆ, ರಾ ಫೈಲ್‌ನಿಂದ ಮಾಡಿದ ಚಿತ್ರ ಕಳಿಸಬೇಡಿ, ಕ್ಯಾಮೆರಾದಿಂದ ಬಂದ ಜೆಪೆಗ್ಗೇ ಕಳಿಸಿ ಅಂತ ಹೇಳಿತ್ತು. ಬೇಗ ಸಿಗಬೇಕು, ನಂಬುವ ಹಾಗೂ ಇರಬೇಕು ಅನ್ನುವುದು ಕಾರಣ. ಎಡಿಟಿಂಗ್‌ನಲ್ಲಿ ಮನಸ್ಸೇ ಇಲ್ಲದವರೂ ಇದ್ದಾರೆ. ಅವರು ಕ್ಯಾಮೆರಾದ ಪಿಕ್ಚರ್ ಪ್ರೊಫೈಲ್ ಚೆನ್ನಾಗಿ ಹೊಂದಿಸಿಕೊಂಡು ಜೆಪೆಗ್ ತೆಗೆಯಲಿ. ಹಾಗೆ ತೆಗೆಯುವಾಗ ಎಕ್ಸ್‌ಪೋಷರ್ ಸರಿಯಾಗಿ ಹಿಡಿಯುವ ಶಿಸ್ತು ತಾನಾಗಿ ಬರುತ್ತದೆ. ಅಂಥವರು ಮುಂದಿನ ಭಾಗ ಬಿಟ್ಟು ನೇರವಾಗಿ ಫೋನ್ ಆ್ಯಪ್‌ಗಳ ಭಾಗಕ್ಕೆ ಹೋಗಬಹುದು.

ಇನ್ನೂ ತೀರ್ಮಾನ ಆಗದಿದ್ದರೆ ಕ್ಯಾಮೆರಾದಲ್ಲಿ ರಾ ಮತ್ತು ಜೆಪೆಗ್ ಎರಡನ್ನೂ ಒಟ್ಟಿಗೆ ಉಳಿಸುವ ಸೆಟ್ಟಿಂಗ್ ಇರುತ್ತದೆ. ಕಾರ್ಡ್ ಬೇಗ ತುಂಬುತ್ತದೆ, ಆದರೆ ಹೋಲಿಸಿ ನೋಡಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.

ರಾ ಡೆವಲಪರ್‌ಗಳು

ಹೆಚ್ಚಿನ ಫೋಟೋಗ್ರಾಫರ್‌ಗಳ ದಿನದ ಕೆಲಸ ನಡೆಯುವುದು ಇಲ್ಲೇ. ಇವುಗಳೆಲ್ಲದರ ದೊಡ್ಡ ಗುಣ ಒಂದೇ. ಮೂಲ ಫೈಲನ್ನು ಮುಟ್ಟುವುದಿಲ್ಲ. ನೀವು ಏನು ಮಾಡಿದಿರಿ ಅನ್ನುವ ಸೂಚನೆಯನ್ನು ಮಾತ್ರ ಬರೆದಿಡುತ್ತವೆ. ಹತ್ತು ವರ್ಷ ಬಿಟ್ಟು ಬಂದರೂ ಮೊದಲಿನಿಂದ ಶುರು ಮಾಡಬಹುದು.

ಲೈಟ್‌ರೂಮ್ 2007ರಲ್ಲಿ ಬಂತು. ಅದರ ನಿಜವಾದ ಶಕ್ತಿ ಇರುವುದು ಸ್ಲೈಡರ್‌ಗಳಲ್ಲಿ ಅಲ್ಲ, ಕ್ಯಾಟಲಾಗ್‌ನಲ್ಲಿ. ಲಕ್ಷ ಫೋಟೋಗಳ ನಡುವೆ ಬೇಕಾದ ಒಂದನ್ನು ದಿನಾಂಕ, ಲೆನ್ಸ್, ಕೀವರ್ಡ್, ರೇಟಿಂಗ್ ಹಿಡಿದು ಹುಡುಕಬಹುದು. ಒಂದು ಫೋಟೋದ ತಿದ್ದುಪಡಿಯನ್ನು ಮುನ್ನೂರಕ್ಕೆ ಹಚ್ಚಬಹುದು. 2021ರಲ್ಲಿ ಅದರ ಮಾಸ್ಕ್‌ಗಳು (ಚಿತ್ರದ ಒಂದು ಭಾಗವನ್ನು ಮಾತ್ರ ಆರಿಸುವ ಸಾಧನಗಳು) ಪೂರ್ತಿ ಬದಲಾದವು. ಈಗ ಆಕಾಶವನ್ನೋ ವ್ಯಕ್ತಿಯನ್ನೋ ಒಂದು ಕ್ಲಿಕ್‌ನಲ್ಲಿ ಆರಿಸಿ ಅಷ್ಟಕ್ಕೇ ಬೆಳಕು ಹೊಂದಿಸಬಹುದು. 2023ರಲ್ಲಿ ಎಐ ಡಿನಾಯ್ಸ್ ಕೂಡ ಸೇರಿತು. ಕಲಿಯಲು ಸಿಗುವ ಪಾಠಗಳು ಲೆಕ್ಕವಿಲ್ಲದಷ್ಟು. ಎಲ್ಲಿ ಸಿಕ್ಕಿಬಿದ್ದರೂ ಯಾರೋ ಒಬ್ಬರು ಅದಕ್ಕೆ ಉತ್ತರ ಬರೆದಿರುತ್ತಾರೆ.

ಇದಕ್ಕೆ ತೆರಬೇಕಾದ ಬೆಲೆ ಚಂದಾ. ಒಂದೇ ಸಲ ಕೊಂಡು ಇಟ್ಟುಕೊಳ್ಳಬಹುದಾದ ಕೊನೆಯ ಆವೃತ್ತಿ 2015ರ ಲೈಟ್‌ರೂಮ್ 6. ಚಂದಾ ನಿಲ್ಲಿಸಿದರೂ ಕಂಪ್ಯೂಟರ್‌ನ ಲೈಟ್‌ರೂಮ್ ಕ್ಲಾಸಿಕ್ ತೆರೆಯುತ್ತದೆ, ಫೋಟೋ ನೋಡಬಹುದು, ಎಕ್ಸ್‌ಪೋರ್ಟ್ ಮಾಡಬಹುದು. ಫೋಟೋ ತಿದ್ದುವ ಡೆವಲಪ್ ಭಾಗ ಮತ್ತು ಮ್ಯಾಪ್ ಭಾಗ ಮುಚ್ಚಿಹೋಗುತ್ತವೆ. ಹೆಸರಿನ ಬಗ್ಗೆಯೂ ಒಂದು ಎಚ್ಚರಿಕೆ ಹೇಳಬೇಕು. 2017ರಿಂದ ಎರಡು ಲೈಟ್‌ರೂಮ್ ಇವೆ. "ಲೈಟ್‌ರೂಮ್ ಕ್ಲಾಸಿಕ್" ನಿಮ್ಮ ಹಾರ್ಡ್ ಡಿಸ್ಕ್‌ನಲ್ಲಿರುವ ಫೈಲ್‌ಗಳನ್ನು ನಂಬಿ ನಡೆಯುತ್ತದೆ. ಬರೀ "ಲೈಟ್‌ರೂಮ್" ಅನ್ನುವುದು ಕ್ಲೌಡ್ ಸುತ್ತ ಕಟ್ಟಿದ್ದು. ಇಂಟರ್ನೆಟ್ ನಿಧಾನವಿದ್ದು, ದಿನಕ್ಕೆ ನೂರಾರು ರಾ ಫೈಲ್ ಬರುತ್ತಿದ್ದರೆ ಕ್ಲಾಸಿಕ್ಕೇ ಸರಿ. ಫೋನ್, ಟ್ಯಾಬ್, ಲ್ಯಾಪ್‌ಟಾಪ್ ಮೂರರಲ್ಲೂ ಒಂದೇ ಫೋಟೋ ತಿದ್ದಬೇಕು ಅನ್ನುವವರಿಗೆ ಇನ್ನೊಂದು.

ಕ್ಯಾಪ್ಚರ್ ಒನ್ ಸ್ಟುಡಿಯೋದವರ ಸಾಧನ. ಕ್ಯಾಮೆರಾವನ್ನು ಕೇಬಲ್‌ನಲ್ಲಿ ಕಂಪ್ಯೂಟರ್‌ಗೆ ಜೋಡಿಸಿ, ತೆಗೆದ ಫೋಟೋ ತಕ್ಷಣ ದೊಡ್ಡ ಪರದೆಯಲ್ಲಿ ನೋಡುತ್ತ ಕೆಲಸ ಮಾಡುವುದಕ್ಕೆ ಟೆದರಿಂಗ್ ಅನ್ನುತ್ತಾರೆ. ಅದರಲ್ಲಿ ಇದಕ್ಕೆ ಸಮನಾದದ್ದನ್ನು ನಾನು ನೋಡಿಲ್ಲ. ಬಣ್ಣದ ಹಿಡಿತವೂ ಬಹಳ ಸೂಕ್ಷ್ಮ. ಮುಖದ ಮೇಲೆ ಒಂದು ಕಡೆ ಕೆಂಪು, ಇನ್ನೊಂದು ಕಡೆ ಹಳದಿ ಇದ್ದರೆ, ಚರ್ಮದ ಬಣ್ಣ ಒಂದೇ ಹದಕ್ಕೆ ತರುವ ಸಾಧನ ಇದರಲ್ಲಿದೆ. ಫ್ಯಾಷನ್, ಪೋರ್ಟ್ರೇಟ್, ಉತ್ಪನ್ನಗಳ ಫೋಟೋ ತೆಗೆಯುವವರು ಇದನ್ನು ಬಿಡದಿರುವುದಕ್ಕೆ ಕಾರಣ ಇದೇ. "ಸೆಷನ್" ಅನ್ನುವ ಪದ್ಧತಿಯೂ ಇದೆ. ಒಂದು ಕೆಲಸಕ್ಕೆ ಸೇರಿದ ಎಲ್ಲವೂ ಒಂದೇ ಫೋಲ್ಡರ್‌ನಲ್ಲಿ ಇರುತ್ತದೆ, ಹಾಗೇ ಎತ್ತಿ ಇನ್ನೊಬ್ಬರಿಗೆ ಕೊಡಬಹುದು. ಬೆಲೆ ಜಾಸ್ತಿ. ಚಂದಾ ಬೇಡ ಅನ್ನುವವರಿಗೆ ಒಂದೇ ಸಲದ ಖರೀದಿಯೂ ಇದೆ, ಆದರೆ ಹೊಸ ಸೌಲಭ್ಯಗಳು ಬೇಕಾದಾಗ ಮತ್ತೆ ಹಣ ಕೊಡಬೇಕು. ಪ್ರವಾಸ, ಪ್ರಕೃತಿ ಅಂತ ಓಡಾಡುವ ಹವ್ಯಾಸಿಗೆ ಇದರ ಅರ್ಧ ಸೌಲಭ್ಯ ಉಪಯೋಗಕ್ಕೇ ಬರುವುದಿಲ್ಲ.

ಈಗ ಡಿಎಕ್ಸ್‌ಒ ಫೋಟೋಲ್ಯಾಬ್. ಹಕ್ಕಿ, ಕಾಡುಪ್ರಾಣಿ, ರಂಗಭೂಮಿ, ಒಳಾಂಗಣ ಕ್ರೀಡೆ ತೆಗೆಯುವವರು ಇದನ್ನು ಒಮ್ಮೆ ನೋಡಲೇಬೇಕು. ನಾಯ್ಸ್ ಯಾಕೆ ಬರುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಐಎಸ್‌ಒ (ಮಂದ ಬೆಳಕಿನಲ್ಲೂ ಫೋಟೋ ಬೆಳಗಾಗಿ ಬರಲು ಏರಿಸುವ ಸೆಟ್ಟಿಂಗ್) ಏರಿಸಿದ್ದಕ್ಕೆ ನಾಯ್ಸ್ ಬಂತು ಅಂತ ನಾವು ಅಂದುಕೊಳ್ಳುತ್ತೇವೆ. ನಿಜವಾದ ಕಾರಣ ಬೆಳಕು ಕಡಿಮೆ ಬಿದ್ದದ್ದು. ಬೆಳಕು ಮಳೆ ಹನಿಗಳ ಹಾಗೆ ಬೀಳುತ್ತದೆ, ಒಂದೇ ಸಮನೆ ಅಲ್ಲ. ಹನಿ ಕಡಿಮೆಯಾದಷ್ಟೂ ಪಕ್ಕಪಕ್ಕದ ಪಿಕ್ಸೆಲ್‌ಗಳ ನಡುವಿನ ವ್ಯತ್ಯಾಸ ಎದ್ದು ಕಾಣುತ್ತದೆ. ನಾಯ್ಸ್ ಅರ್ಧಕ್ಕೆ ಇಳಿದ ಹಾಗೆ ಕಾಣಬೇಕಾದರೆ ಬೆಳಕು ನಾಲ್ಕು ಪಟ್ಟು ಬೇಕು. ಹಳೇ ಪದ್ಧತಿಯಲ್ಲಿ ನಾಯ್ಸ್ ತೆಗೆಯುವುದೆಂದರೆ ಚಿತ್ರವನ್ನು ಸ್ವಲ್ಪ ಮಸುಕು ಮಾಡುವುದು. ಹಕ್ಕಿಯ ಗರಿಯ ವಿವರವೂ ಜೊತೆಗೇ ಹೋಗುತ್ತಿತ್ತು. 2020ರಲ್ಲಿ ಬಂದ ಡಿಎಕ್ಸ್‌ಒನ ಡೀಪ್‌ಪ್ರೈಮ್ ಡಿಮೊಸೈಕ್ ಮತ್ತು ನಾಯ್ಸ್ ತೆಗೆಯುವುದನ್ನು ಒಟ್ಟಿಗೆ ಮಾಡುತ್ತದೆ. ಅಂದಾಜು ಮಾಡುವ ಹಂತದಲ್ಲೇ ಯಾವುದು ಗರಿ, ಯಾವುದು ನಾಯ್ಸ್ ಅಂತ ಬಿಡಿಸುವುದರಿಂದ ವಿವರ ಉಳಿಯುತ್ತದೆ. ಬಿಟ್ಟೇಬಿಟ್ಟಿದ್ದ ಹಳೇ ಫೋಟೋಗಳು ಮತ್ತೆ ಬದುಕಿ ಬಂದಾಗ ನನಗೆ ನಿಜವಾಗಿ ಕಣ್ಣು ತುಂಬಿತು. ಲೆನ್ಸ್ ತಿದ್ದುಪಡಿಗೂ ಅವರು ಪ್ರತಿ ಕ್ಯಾಮೆರಾ–ಲೆನ್ಸ್ ಜೋಡಿಯನ್ನು ಲ್ಯಾಬ್‌ನಲ್ಲಿ ಅಳೆದು ಮಾಹಿತಿ ಕೊಡುತ್ತಾರೆ.

ಒಂದೇ ಸಲದ ಖರೀದಿ. ಫೋಟೋಗಳನ್ನು ಜೋಡಿಸಿಡುವುದರಲ್ಲಿ ಲೈಟ್‌ರೂಮ್‌ಗಿಂತ ಹಿಂದೆ. ಅದಕ್ಕೇ ಹಲವರು ಇದನ್ನು ಪೂರ್ತಿ ಮನೆಯಾಗಿ ಬಳಸದೆ, ನಾಯ್ಸ್ ತೆಗೆದು ಡಿಎನ್‌ಜಿ (ಬೇರೆ ಸಾಫ್ಟ್‌ವೇರ್‌ಗಳೂ ಓದುವ ರಾ ಬಗೆಯ) ಫೈಲ್ ಮಾಡಿಕೊಂಡು ಉಳಿದ ಕೆಲಸ ಬೇರೆಡೆ ಮಾಡುತ್ತಾರೆ. ಅಷ್ಟಕ್ಕೇ ಬೇಕಾದವರಿಗಾಗಿ ಪ್ಯೂರ್‌ರಾ ಅನ್ನುವ ಚಿಕ್ಕ ಸಾಫ್ಟ್‌ವೇರ್ 2021ರಿಂದ ಬೇರೆಯಾಗಿ ಸಿಗುತ್ತಿದೆ.

ಡಾರ್ಕ್‌ಟೇಬಲ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಉಚಿತ, ಮುಕ್ತ (ಕೋಡ್ ಎಲ್ಲರಿಗೂ ತೆರೆದಿರುವ) ಸಾಫ್ಟ್‌ವೇರ್. 2009ರಲ್ಲಿ ಶುರುವಾಯಿತು, ಲಿನಕ್ಸ್, ಮ್ಯಾಕ್, ವಿಂಡೋಸ್ ಮೂರಕ್ಕೂ ಇದೆ. "ಉಚಿತ ಅಂದಮೇಲೆ ಕಡಿಮೆ ಇರುತ್ತೆ ಅಲ್ವಾ" ಅಂತ ಕೇಳುತ್ತಾರೆ. ಇಲ್ಲ. ಕೆಲವು ವಿಷಯಗಳಲ್ಲಿ ಇದು ಎಲ್ಲಕ್ಕಿಂತ ಆಳ. ಇದರ ಹೆಚ್ಚುಕಡಿಮೆ ಪ್ರತಿ ಸಾಧನಕ್ಕೂ ಮಾಸ್ಕ್ ಹಾಕಬಹುದು. "ಈ ಹೊಳಪಿನಿಂದ ಆ ಹೊಳಪಿನವರೆಗೆ, ಈ ಬಣ್ಣ ಇರುವ ಕಡೆ ಮಾತ್ರ" ಅಂತ ಆರಿಸಬಹುದು. ಮಾಡಿದ್ದೆಲ್ಲ ಫೋಟೋದ ಪಕ್ಕದಲ್ಲೇ ಎಕ್ಸ್‌ಎಂಪಿ ಫೈಲ್‌ನಲ್ಲಿ ಇರುತ್ತದೆ. ಡೇಟಾಬೇಸ್ ಕೆಟ್ಟರೂ ನಿಮ್ಮ ಕೆಲಸ ಹೋಗುವುದಿಲ್ಲ. ಯಾವ ಕಂಪನಿಯೂ ಅದನ್ನು ನಿಲ್ಲಿಸಲು ಆಗುವುದಿಲ್ಲ. ನನ್ನ ನಾಲ್ಕನೇ ಅಳತೆಗೋಲಿನಲ್ಲಿ ಇದಕ್ಕೇ ಹೆಚ್ಚು ಅಂಕ.

ಕಷ್ಟ ಇರುವುದು ಕಲಿಯುವುದರಲ್ಲಿ. ಹಲವಾರು ಮಾಡ್ಯೂಲ್‌ಗಳು, ಅಂದರೆ ಒಂದೊಂದು ತಿದ್ದುಪಡಿಗೆ ಒಂದೊಂದು ಸಾಧನ. ಒಂದೇ ಕೆಲಸಕ್ಕೆ ಮೂರು ನಾಲ್ಕು ದಾರಿ. ಲೈಟ್‌ರೂಮ್ ಕಲಿತು ಬಂದವರಿಗೆ ಮೊದಲ ವಾರ ತಲೆ ಕೆಡುತ್ತದೆ. ಒಳಗಿನ ಯೋಚನೆಯೇ ಬೇರೆ. ಇದು ಬೆಳಕನ್ನು ಕೊನೆಯವರೆಗೂ ಸೆನ್ಸರ್ ಅಳೆದ ಲೆಕ್ಕದಲ್ಲೇ ಇಟ್ಟುಕೊಂಡು, ಪರದೆಗೆ ಬೇಕಾದ ಹಾಗೆ ಹೊಂದಿಸುವುದನ್ನು ಕಡೆಯ ಹಂತಕ್ಕೆ ಬಿಡುತ್ತದೆ. ಆ ಹಂತಕ್ಕೆ 2018ರಲ್ಲಿ ಫಿಲ್ಮಿಕ್ ಬಂತು, 2022ರಲ್ಲಿ ಅದಕ್ಕಿಂತ ಸುಲಭದ ಸಿಗ್ಮಾಯ್ಡ್ ಬಂತು. ಹೊಸಬರಿಗೆ ನನ್ನ ಸಲಹೆ ಹೀಗೆ: ಮೊದಲ ಎರಡು ತಿಂಗಳು ಎಕ್ಸ್‌ಪೋಷರ್, ಕಲರ್ ಕ್ಯಾಲಿಬ್ರೇಷನ್, ಸಿಗ್ಮಾಯ್ಡ್, ಲೆನ್ಸ್ ಕರೆಕ್ಷನ್, ಪ್ರೊಫೈಲ್ಡ್ ಡಿನಾಯ್ಸ್, ಲೋಕಲ್ ಕಾಂಟ್ರಾಸ್ಟ್, ಈ ಆರು ಬಿಟ್ಟು ಬೇರೇನನ್ನೂ ಮುಟ್ಟಬೇಡಿ. ಹೆಚ್ಚಿನ ಫೋಟೋಗಳಿಗೆ ಇಷ್ಟು ಸಾಕು. ನಾಯ್ಸ್ ತೆಗೆಯುವುದರಲ್ಲಿ ಇದು ಡೀಪ್‌ಪ್ರೈಮ್‌ನ ಮಟ್ಟ ಮುಟ್ಟುವುದಿಲ್ಲ, ಅದನ್ನು ಒಪ್ಪಿಕೊಂಡೇ ಬರಬೇಕು.

ರಾಥೆರಪಿ ಇನ್ನೊಂದು ಉಚಿತ ಆಯ್ಕೆ. ಡಿಮೊಸೈಕ್‌ಗೆ ಹಲವು ವಿಧಾನ ಕೊಡುತ್ತದೆ, ಸೂಕ್ಷ್ಮ ವಿವರ ಹೊರತೆಗೆಯುವುದರಲ್ಲಿ ಬಹಳ ಒಳ್ಳೆಯದು. ಚಿತ್ರದ ಒಂದು ಭಾಗವನ್ನು ಮಾತ್ರ ತಿದ್ದುವ ಸೌಲಭ್ಯ ತಡವಾಗಿ ಬಂತು, 2022ರ 5.9 ಆವೃತ್ತಿಯಲ್ಲಿ. ಒಂದೊಂದೇ ಭೂದೃಶ್ಯದ ಮೇಲೆ ತಾಳ್ಮೆಯಿಂದ ಕೂರುವವರಿಗೆ ಇಷ್ಟವಾಗುತ್ತದೆ.

ಸಾವಿರಾರು ಫೋಟೋ ತೆಗೆಯುವವರಿಗೆ ಇನ್ನೊಂದು ಮಾತು. ನಿಮ್ಮ ಹೊತ್ತು ಹೋಗುತ್ತಿರುವುದು ಎಡಿಟಿಂಗ್‌ನಲ್ಲಿ ಅಲ್ಲ, ಆರಿಸುವುದರಲ್ಲಿ ಅನ್ನಿಸಿದರೆ ರಾ ಡೆವಲಪರ್ ಬದಲಾಯಿಸಿ ಪ್ರಯೋಜನವಿಲ್ಲ. ಫೋಟೋ ಮೆಕ್ಯಾನಿಕ್‌ನಂಥ ಸಾಧನ ನೋಡಿ. ರಾ ಫೈಲ್‌ನ ಒಳಗೆ ಕ್ಯಾಮೆರಾ ಇಟ್ಟಿರುವ ಚಿಕ್ಕ ಜೆಪೆಗ್ಗನ್ನೇ ತೋರಿಸುವುದರಿಂದ ಒಂದರಿಂದ ಇನ್ನೊಂದಕ್ಕೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತದೆ.

ಪಿಕ್ಸೆಲ್ ಎಡಿಟರ್‌ಗಳು

ಇವು ಬೇಕೇ ಬೇಕಾ ಅಂತ ಮೊದಲು ನೋಡಿ. ಈಗಿನ ರಾ ಡೆವಲಪರ್‌ಗಳಲ್ಲೇ ಕಲೆ ಅಳಿಸಬಹುದು, ಮಾಸ್ಕ್ ಹಾಕಬಹುದು. ಲೈಟ್‌ರೂಮ್‌ನಲ್ಲಿ ಪನೋರಮಾ, ಎಚ್‌ಡಿಆರ್ (ಬೇರೆ ಬೇರೆ ಬೆಳಕಿನಲ್ಲಿ ತೆಗೆದವನ್ನು ಒಂದಾಗಿಸುವ) ಜೋಡಣೆಯೂ ಆಗುತ್ತದೆ. ಚರ್ಮದ ನಾಜೂಕಿನ ರಿಟಚ್, ಹಲವು ಚಿತ್ರ ಸೇರಿಸಿ ಒಂದು ಮಾಡುವುದು, ಮ್ಯಾಕ್ರೋ ಫೋಟೋಗಳ ಫೋಕಸ್ ಸ್ಟ್ಯಾಕಿಂಗ್ (ಬೇರೆ ಬೇರೆ ಫೋಕಸ್‌ನ ಚಿತ್ರಗಳನ್ನು ಸೇರಿಸಿ ಎಲ್ಲ ಸ್ಪಷ್ಟವಾಗಿಸುವುದು), ಅಕ್ಷರ ಸೇರಿಸುವುದು, ಇಂಥದ್ದಕ್ಕೆ ಮಾತ್ರ ಲೇಯರ್, ಅಂದರೆ ಒಂದರ ಮೇಲೊಂದು ಇಡುವ ಪದರಗಳು ಬೇಕು.

ಫೋಟೋಶಾಪ್‌ನ ಮೊದಲ ಆವೃತ್ತಿ 1990ರಲ್ಲಿ ಬಂತು, ಥಾಮಸ್ ಮತ್ತು ಜಾನ್ ನಾಲ್ ಅಣ್ಣತಮ್ಮಂದಿರ ಕೆಲಸ. ಲೇಯರ್‌ಗಳು ಬಂದದ್ದು 1994ರ ಮೂರನೇ ಆವೃತ್ತಿಯಲ್ಲಿ. ಇಷ್ಟು ವರ್ಷದ ಪಳಗಿದ ಕೈ ಅದರಲ್ಲಿ ಕಾಣುತ್ತದೆ. ಆಯ್ಕೆ ಮಾಡುವ ಸಾಧನಗಳು, ಬೇಡದ್ದನ್ನು ಅಳಿಸಿ ಜಾಗ ತುಂಬುವ ಸಾಧನಗಳು ಇವತ್ತಿಗೂ ಎಲ್ಲಕ್ಕಿಂತ ಮುಂದಿವೆ. ಮುದ್ರಣಕ್ಕೆ, ಜಾಹೀರಾತು ಸಂಸ್ಥೆಗಳಿಗೆ ಫೈಲ್ ಕೊಡುವವರಿಗೆ ಫೋಟೋಶಾಪ್‌ನ ಪಿಎಸ್‌ಡಿ ಫೈಲ್ ಬಿಟ್ಟು ಬೇರೆ ಯೋಚನೆ ಕಷ್ಟ. ಲೈಟ್‌ರೂಮ್ ಜೊತೆ ಒಂದೇ ಚಂದಾದಲ್ಲಿ ಸಿಗುವ ಯೋಜನೆ ಇದೆ, ಬೇರೆ ಬೇರೆ ತೆಗೆದುಕೊಳ್ಳುವುದಕ್ಕಿಂತ ಅದೇ ಲಾಭ.

ಅಫಿನಿಟಿ 2015ರಿಂದ ಇದಕ್ಕೆ ಎದುರಾಗಿ ನಿಂತಿದೆ. ಹಲವು ವರ್ಷ ಒಂದೇ ಸಲದ ಖರೀದಿಯಾಗಿತ್ತು. 2024ರಲ್ಲಿ ಕ್ಯಾನ್ವಾ ಅದನ್ನು ಕೊಂಡಿತು, 2025ರ ಅಕ್ಟೋಬರ್‌ನಿಂದ ಕ್ಯಾನ್ವಾ ಖಾತೆ ಇದ್ದವರಿಗೆ ಉಚಿತವಾಗಿದೆ. ಎಐ ಸೌಲಭ್ಯಗಳಿಗೆ ಮಾತ್ರ ಚಂದಾ ಬೇಕು. ಲೇಯರ್, ಫೋಕಸ್ ಸ್ಟ್ಯಾಕಿಂಗ್, ಪನೋರಮಾ ಎಲ್ಲ ಇದರಲ್ಲಿದೆ. ಹವ್ಯಾಸಿಗಳಿಗೆ ನಾನು ಈಗ ಮೊದಲು ಹೇಳುವ ಹೆಸರು ಇದು. ಫೋಟೋಗಳನ್ನು ಜೋಡಿಸಿಡುವ ಕ್ಯಾಟಲಾಗ್ ಇದರಲ್ಲಿಲ್ಲ. ಉಚಿತವಾಗಿಯೇ ಉಳಿಯುತ್ತದೆಯೇ ಅನ್ನುವುದು ಒಂದು ಕಂಪನಿಯ ಕೈಯಲ್ಲಿದೆ ಅನ್ನುವುದನ್ನೂ ಲೆಕ್ಕಕ್ಕೆ ತಗೊಳ್ಳಿ.

ಆ ಚಿಂತೆಯೇ ಬೇಡ ಅನ್ನುವವರಿಗೆ ಗಿಂಪ್ ಇದೆ. 1990ರ ದಶಕದ ನಡುವೆ ಇಬ್ಬರು ವಿದ್ಯಾರ್ಥಿಗಳು ಶುರು ಮಾಡಿದ ಮುಕ್ತ ಸಾಫ್ಟ್‌ವೇರ್. ಫಿಲ್ಟರ್ ಹಾಕಿದ ಮೇಲೆ ಹಿಂದಕ್ಕೆ ಹೋಗಿ ಬದಲಾಯಿಸಲು ಆಗದು ಅನ್ನುವುದು ಅದರ ಮೇಲಿದ್ದ ಹಳೇ ದೂರು. 2025ರ ಮಾರ್ಚ್‌ನಲ್ಲಿ ಬಂದ 3.0 ಆವೃತ್ತಿಯಲ್ಲಿ ಅದು ನೀಗಿದೆ. ರಾ ಫೈಲನ್ನು ಗಿಂಪ್ ತಾನೇ ತೆರೆಯುವುದಿಲ್ಲ, ಡಾರ್ಕ್‌ಟೇಬಲ್ ಅಥವಾ ರಾಥೆರಪಿಯ ಮೂಲಕ ತರುತ್ತದೆ. ಹಾಗಾಗಿ ಡಾರ್ಕ್‌ಟೇಬಲ್ ಮತ್ತು ಗಿಂಪ್ ಒಳ್ಳೆಯ ಜೋಡಿ.

ಒಂದು ಗುಪ್ತ ಖರ್ಚು ಇಲ್ಲಿದೆ. ರಾ ಡೆವಲಪರ್‌ನಿಂದ ಪಿಕ್ಸೆಲ್ ಎಡಿಟರ್‌ಗೆ ಹೋಗುವಾಗ ಸಾಮಾನ್ಯವಾಗಿ 16 ಬಿಟ್ ಟಿಫ್ ಮಾಡಬೇಕು. 24 ಮೆಗಾಪಿಕ್ಸೆಲ್ ಫೋಟೋ ಹಾಗೆ ಮಾಡಿದರೆ, ಕುಗ್ಗಿಸದಿದ್ದಾಗ, ಸುಮಾರು 144 ಎಂಬಿ ಆಗುತ್ತದೆ. ಲೇಯರ್ ಸೇರಿದ ಹಾಗೆ ಇನ್ನೂ ಬೆಳೆಯುತ್ತದೆ. ಎಲ್ಲ ಫೋಟೋಗಳನ್ನೂ ಸುಮ್ನೆ ಅಲ್ಲಿಗೆ ಕೊಂಡೊಯ್ದರೆ ಡಿಸ್ಕ್ ತುಂಬಿಹೋಗುತ್ತದೆ.

ಸುದ್ದಿ, ಸಾಕ್ಷ್ಯಚಿತ್ರ, ವನ್ಯಜೀವಿ ಸ್ಪರ್ಧೆ ಅಂತ ಕೆಲಸ ಮಾಡುವವರು ಇನ್ನೂ ಒಂದು ವಿಷಯ ನೋಡಬೇಕು. ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯಲ್ಲಿ 2015ರಲ್ಲಿ ಕೊನೆಯ ಸುತ್ತಿಗೆ ಹಿಂದಿನ ಹಂತ ಮುಟ್ಟಿದ್ದ ಚಿತ್ರಗಳಲ್ಲಿ ಐದರಲ್ಲಿ ಒಂದು ಭಾಗ ಹೊರಬಿತ್ತು. ಮೂಲ ಫೈಲ್ ಜೊತೆ ಹೋಲಿಸಿದಾಗ ಏನೋ ಸೇರಿಸಿದ್ದು, ತೆಗೆದದ್ದು ಕಂಡಿತ್ತು. ಅಂಥ ಕಡೆ ಕಳಿಸುವ ಫೋಟೋಗೆ ಪಿಕ್ಸೆಲ್ ಎಡಿಟರ್ ತೆರೆಯದಿರುವುದೇ ಕ್ಷೇಮ. ರಾ ಡೆವಲಪರ್‌ನಲ್ಲಿ ಬೆಳಕು, ಬಣ್ಣ ತಿದ್ದಿ ನಿಲ್ಲಿಸಿ. ಮೂಲ ರಾ ಫೈಲನ್ನು ಜೋಪಾನವಾಗಿಡಿ.

ಫೋನ್ ಸಾಕು ಅನ್ನುವವರಿಗೆ

ಸ್ನ್ಯಾಪ್‌ಸೀಡ್ ಉಚಿತ, ಜಾಹೀರಾತಿಲ್ಲ, ಕಲಿಯಲು ಒಂದು ಸಂಜೆ ಸಾಕು. ಒಂದು ಜಾಗವನ್ನು ಬೆರಳಲ್ಲಿ ಮುಟ್ಟಿ ಅಲ್ಲಿನ ಬೆಳಕು ಮಾತ್ರ ಬದಲಾಯಿಸುವ ಅದರ ಸೆಲೆಕ್ಟಿವ್ ಸಾಧನ ನನಗೆ ಇಂದಿಗೂ ಇಷ್ಟ. ಲೈಟ್‌ರೂಮ್‌ನ ಮೊಬೈಲ್ ಆ್ಯಪ್ ಕೂಡ ಚೆನ್ನಾಗಿದೆ, ಕೆಲವು ಸೌಲಭ್ಯಗಳಿಗೆ ಮಾತ್ರ ಹಣ. ಜೆಪೆಗ್ ತೆಗೆದು ಹಂಚಿಕೊಳ್ಳುವುದಷ್ಟೇ ಗುರಿಯಾದರೆ ಇದಕ್ಕಿಂತ ದೊಡ್ಡದು ಬೇಡ. ಹೊರಗೆ ಬಿಸಿಲಲ್ಲಿ ಪರದೆಯ ಹೊಳಪು ಪೂರ್ತಿ ಏರಿಸಿಕೊಂಡು ಎಡಿಟ್ ಮಾಡಬೇಡಿ. ಹಾಗೆ ಮಾಡಿದ ಫೋಟೋದ ಬೆಳಕು ಬೇರೆಯವರಿಗೆ ಹೆಚ್ಚುಕಡಿಮೆಯಾಗಿ ಕಾಣಬಹುದು.

ಹಾಗಾದರೆ ನೀವು?

ಮದುವೆ, ಸಮಾರಂಭ ತೆಗೆದು ಅದರಿಂದಲೇ ದುಡಿಯುವವರು ಲೈಟ್‌ರೂಮ್ ಕ್ಲಾಸಿಕ್‌ಗೆ ಹೋಗಿ. ಉಳಿಯುವ ಗಂಟೆಗಳ ಲೆಕ್ಕದಲ್ಲಿ ಚಂದಾ ವಾಪಸ್ ಬರುತ್ತದೆ. ಸ್ಟುಡಿಯೋದಲ್ಲಿ ಗ್ರಾಹಕರು ಪಕ್ಕದಲ್ಲೇ ಕೂತಿರುತ್ತಾರೆ ಅಂದರೆ ಕ್ಯಾಪ್ಚರ್ ಒನ್, ಜೊತೆಗೆ ರಿಟಚ್‌ಗೆ ಫೋಟೋಶಾಪ್ ಅಥವಾ ಅಫಿನಿಟಿ. ಹಕ್ಕಿ, ಪ್ರಾಣಿ ತೆಗೆಯುವವರ ಮೊದಲ ಖರ್ಚು ಡಿಎಕ್ಸ್‌ಒ ಆಗಲಿ, ಆದರೆ ಕಂಪ್ಯೂಟರ್ ಅದನ್ನು ತಡೆಯುತ್ತದೆಯೇ ನೋಡಿಕೊಳ್ಳಿ. ಭೂದೃಶ್ಯ ತೆಗೆಯುವ ಹವ್ಯಾಸಿಗೆ, ಕೈಯಲ್ಲಿ ಹಣಕ್ಕಿಂತ ಹೊತ್ತು ಜಾಸ್ತಿ ಇರುವ ವಿದ್ಯಾರ್ಥಿಗೆ, ಲಿನಕ್ಸ್ ಬಳಸುವವರಿಗೆ ಡಾರ್ಕ್‌ಟೇಬಲ್ ಮತ್ತು ಗಿಂಪ್. ತಿಂಗಳಿಗೆ ಇಪ್ಪತ್ತು ಫೋಟೋ ಮಾತ್ರ ತಿದ್ದುವವರು ಚಂದಾ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ. ಅವರಿಗೆ ಅಫಿನಿಟಿ ಒಂದೇ ಸಾಕು, ಅದರಲ್ಲೂ ರಾ ತೆರೆಯಬಹುದು.

ಎರಡರ ನಡುವೆ ಇನ್ನೂ ಹೊಯ್ದಾಟ ಇದ್ದರೆ ಒಂದು ಪರೀಕ್ಷೆ ಮಾಡಿ. ಹಣ ಕೊಟ್ಟು ಕೊಳ್ಳುವವುಗಳಿಗೆಲ್ಲ ಪ್ರಯೋಗದ ಅವಧಿ ಇದೆ. ನಿಮ್ಮದೇ ಫೋಟೋಗಳಲ್ಲಿ ಕಷ್ಟದವನ್ನು ಆರಿಸಿ: ಬೆನ್ನಿಗೆ ಬಿಸಿಲಿರುವ ಒಂದು ಮುಖ, ಮಂದ ಬೆಳಕಿನ ಒಂದು ಕೋಣೆ, ಬೆಳ್ಳಗಾದ ಆಕಾಶ, ದಟ್ಟ ಹಸಿರು, ಎರಡು ಬಣ್ಣದ ದೀಪ ಬಿದ್ದ ಒಂದು ದೃಶ್ಯ. ಜೊತೆಗೆ ಒಂದೇ ಬೆಳಕಿನಲ್ಲಿ ತೆಗೆದ ಐವತ್ತು ಫೋಟೋಗಳ ಒಂದು ಕಂತೆ. ಎರಡೂ ಸಾಫ್ಟ್‌ವೇರ್‌ಗಳಲ್ಲಿ ಅದೇ ಫೋಟೋಗಳನ್ನು, ಅದೇ ಪರದೆಯಲ್ಲಿ ತಿದ್ದಿ. ಎಷ್ಟು ಹೊತ್ತು ಹಿಡಿಯಿತು ಬರೆದಿಡಿ. ಎರಡನ್ನೂ ಎಕ್ಸ್‌ಪೋರ್ಟ್ ಮಾಡಿ, ಒಂದು ವಾರ ಬಿಟ್ಟು, ಯಾವುದು ಯಾವುದರದ್ದು ಅಂತ ಹೆಸರು ನೋಡದೆ ಪಕ್ಕಪಕ್ಕ ಇಟ್ಟು ನೋಡಿ. ಚೆಂದ ಕಂಡದ್ದನ್ನು ಗುರುತು ಹಾಕಿಕೊಂಡು, ಆಮೇಲೆ ಗಡಿಯಾರದ ಲೆಕ್ಕ ತೆಗೆಯಿರಿ.